ಎರಡು ಸಲ ಬಂದ ಎಂಟನೆಯ ವರ್ಷ

ಹತ್ತಿ ಸೀರೆಯ ಮೇಲೆ ನೀರು ಚಿಮುಕಿಸಿ ಕಾದ ಇಸ್ತ್ರಿ ಇಟ್ಟರೆ ಒಂದು ವಾಸನೆ ಏಳುತ್ತದೆ, ನೀವೂ ಗಮನಿಸಿರಬಹುದು. ಗಂಜಿ, ಹಬೆ, ಎಲ್ಲೋ ಒಂಚೂರು ಸುಟ್ಟದ್ದು, ಎಲ್ಲ ಸೇರಿದ ವಾಸನೆ. ಮೊನ್ನೆ ಶನಿವಾರ ದಿಲ್ಲಿಯ ರೋಹಿಣಿ ಬಡಾವಣೆಯ ನಮ್ಮ ಮನೆಯಲ್ಲಿ ಆ ವಾಸನೆ ಎದ್ದಾಗ ಮಗಳು ಮೂಗು ಹಿಡಿದುಕೊಂಡು, "ಮಮ್ಮಾ, ಕುಛ್ ಜಲ್ ರಹಾ ಹೈ, ನೋಡು!" ಎಂದು ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಕೂಗಿದಳು. ಏನೂ ಸುಡುತ್ತಿರಲಿಲ್ಲ. ನಾನು ಇಸ್ತ್ರಿ ಎತ್ತುವುದನ್ನು ಮರೆತು ನಿಂತಿದ್ದೆ, ಅಷ್ಟೆ. ಆಮೇಲೆ ನೋಡಿದರೆ ಸೆರಗಿನ ಮೇಲೆ ದೋಣಿಯಾಕಾರದ ಕಂದು ಗುರುತು. ಸುಡುತ್ತಿರಲಿಲ್ಲ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇಸ್ತ್ರಿ ಮಾಡುವುದರಲ್ಲಿ ನಾನು ಯಾವತ್ತೂ ಜಾಣೆಯಲ್ಲ. ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇದ್ದಷ್ಟು ವರ್ಷ ಅದರ ಅಗತ್ಯವೇ ಬೀಳಲಿಲ್ಲ. ನಮ್ಮ ಬ್ಲಾಕಿನ ಮೂಲೆಯ ಬೇವಿನ ಮರದ ಕೆಳಗೆ ರಾಮ್‌ಪ್ಯಾರಿಯ ಮೇಜು ಇತ್ತು. ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಕೆಂಡ ತುಂಬಿದ ಕಬ್ಬಿಣದ ಇಸ್ತ್ರಿ. ರಾಜಸ್ಥಾನದ ಹಳ್ಳಿಯಿಂದ ಬಂದ ಹೆಂಗಸು, ಕಡ್ಡಿಯಂಥ ಮೈ. ಆದರೆ ಆ ಇಸ್ತ್ರಿಯನ್ನು ಅವಳು ತವಾದ ಮೇಲೆ ಚಪಾತಿ ತಿರುಗಿಸುವಷ್ಟು ಸಲೀಸಾಗಿ ಓಡಿಸುತ್ತಿದ್ದಳು. ಒಮ್ಮೆ ನಾನು ಉಮೇದಿನಿಂದ ಎತ್ತಲು ಹೋಗಿ ಎರಡೂ ಕೈ ಹಾಕಿದ್ದಕ್ಕೆ ಅವಳು ನಕ್ಕಳು. "ಬಿಡಿ ಮೇಡಂಜಿ, ನೀವು ಪೆನ್ ಎತ್ತುವವರು."

ಪೆನ್ ಎತ್ತುವವಳು ಎಂಬುದರಲ್ಲಿ ನನಗೆ ಸುಖವಿತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿನವಳು. ಇದನ್ನು ಇಷ್ಟು ಬೇಗ ಹೇಳಿಬಿಟ್ಟದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನನ್ನ ಗಂಡನ ಪ್ರಕಾರ ನಾನು ಇದನ್ನು ಆಟೋದವನಿಗೂ ಹೇಳುತ್ತೇನೆ. ದಿಲ್ಲಿಯ ಒಂದು ಕೇಂದ್ರ ಕಚೇರಿಯಲ್ಲಿ ಗುಮಾಸ್ತೆಯಾಗಿ, ಕ್ವಾರ್ಟರ್ಸು ಸಿಕ್ಕ ದಿನವೇ ಬಾಗಿಲಿಗೆ ಹಿತ್ತಾಳೆಯ ಹೆಸರುಫಲಕ ಹಾಕಿಸಿದೆ. ಹೆಸರಿನ ಮುಂದೆ ಬಿ.ಎ. ಅಕ್ಕಪಕ್ಕದಲ್ಲಿ ಎಂ.ಎ., ಎಂ.ಎಸ್ಸಿ. ಮಾಡಿದವರು ಬರೀ ಹೆಸರು ಬರೆಸಿದ್ದರು. ಮೇಲಿನ ಮನೆಯ ಮೈಸೂರಿನವರೊಬ್ಬರು, "ಏನ್ರೀ, ಗ್ಯಾಸ್ ಸಿಲಿಂಡರಿನ ಮೇಲೂ ಬರೆಸಿದೀರಾ?" ಎಂದು ಕೇಳಿದ್ದುಂಟು. ನಾನೇನೂ ನಾಚಿಕೊಳ್ಳಲಿಲ್ಲ. ಅವರ ಮುತ್ತಾತನೂ ಓದಿದವರು. ಓದು ಅವರಿಗೆ ಮನೆಯ ಹಳೆಯ ಪಾತ್ರೆಯ ಹಾಗೆ. ಅಟ್ಟದ ಮೇಲಿದ್ದರೂ ನಡೆಯುತ್ತದೆ. ನಮ್ಮದು ಹೊಸ ಪಾತ್ರೆ. ಜಗಲಿಯ ಮೇಲೆ ಬೆಳಗಿ ಇಡಬೇಕು.

ರಾಮ್‌ಪ್ಯಾರಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳು ಕಮಲೇಶ್, ಆಗಲೇ ಹಳ್ಳಿಯಲ್ಲಿ ಗಂಡನ ಮನೆಯಲ್ಲಿದ್ದಳು. ಕಿರಿಯವಳು ಸಂತೋಷ್. ನಮ್ಮೂರಿನಲ್ಲಿ ಸಂತೋಷ ಎಂದರೆ ಮೀಸೆ ಬಿಟ್ಟ ಬ್ಯಾಂಕ್ ಕ್ಯಾಷಿಯರು. ಇಲ್ಲಿ ಹೆಣ್ಣುಮಕ್ಕಳಿಗೂ ಇಡುತ್ತಾರೆ. "ಇಷ್ಟಕ್ಕೆ ಸಂತೋಷ, ಇನ್ನು ಹೆಣ್ಣು ಬೇಡಪ್ಪಾ ಅಂತ ದೇವರಿಗೆ ಹೇಳೋಕೆ ಇಟ್ಟಿದ್ದು," ಎಂದು ತಾಯಿ ಮಗಳ ಎದುರಿಗೇ ವಿವರಿಸಿದಳು. ನಮ್ಮ ಕಡೆ ಸಾಕವ್ವ ಎಂದು ಇಡುತ್ತಾರಲ್ಲ, ಅದೇ ಲೆಕ್ಕ. ದೇಶ ದೊಡ್ಡದು, ಬುದ್ಧಿ ಒಂದೇ.

ಸಂತೋಷ್ ಹತ್ತನೆಯ ತರಗತಿಯಲ್ಲಿದ್ದಳು. ಶಾಲೆಯಿಂದ ಬಂದವಳೇ ಬಟ್ಟೆಗೆ ನೀರು ಚಿಮುಕಿಸುತ್ತ, ಮಡಿಸುತ್ತ, ನಡುವೆ ಪಾಠ ಗುನುಗುತ್ತ ಇರುತ್ತಿದ್ದಳು. ಮೆಟ್ರೋ ಆಗಷ್ಟೇ ಯಮುನೆಯ ಆಚೆ ಈಚೆ ಓಡಲು ಶುರುವಾಗಿತ್ತು. ಜನ ಕೆಲಸವಿಲ್ಲದಿದ್ದರೂ ಹೋಗಿ ಹತ್ತಿ ಇಳಿದು ಬರುತ್ತಿದ್ದರು. ಇವಳೂ ಅಪ್ಪನ ಜೊತೆ ಹೋಗಿ ಬಂದಳು. ರೈಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಟೋಕನ್ ಕೊಡುವ ಕಿಟಕಿಯ ಹಿಂದೆ ಕುಳಿತ ಹುಡುಗಿಯನ್ನು ಮಾತ್ರ ನೋಡಿಬಂದಿದ್ದಳು.

"ದೀದಿ, ಗಾಜಿನ ಗೂಡಿನಲ್ಲಿ ಕೂತಿರ್ತಾರೆ. ಕೂಲರ್ ಅಲ್ಲ, ಎಸಿ! ಕಲ್ಲಿದ್ದಲು ಇಲ್ಲ, ಬೂದಿ ಇಲ್ಲ. ಬರೀ ಟೋಕನ್ ತಳ್ಳೋದು. ನಾನು ಅದೇ ಆಗ್ತೀನಿ."

"ಅದಕ್ಕೆ ಹನ್ನೆರಡನೇದಾದ್ರೂ ಪಾಸಾಗಬೇಕು," ಎಂದೆ, ಬಿ.ಎ. ದರ್ಪದಿಂದ.

"ಆಗ್ತೀನಿ ಬಿಡಿ. ಗೌನಾ ಆಗದಿದ್ರೆ."

ಗೌನಾ ಎಂದರೇನೆಂದು ನನಗೆ ಆಗ ಗೊತ್ತಾಯಿತು. ಮದುವೆ ಎಂದೋ ಆಗಿಹೋಗಿರುತ್ತದೆ. ಹುಡುಗಿ ದೊಡ್ಡವಳಾದ ಮೇಲೆ ಗಂಡನ ಮನೆಗೆ ಕಳಿಸಿಕೊಡುವ ಶಾಸ್ತ್ರ. ಅಕ್ಷಯ ತೃತೀಯದ ದಿನ ನಮ್ಮವರು ಗುಂಜಿ ಬಂಗಾರಕ್ಕೆ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಅವರ ಹಳ್ಳಿಯಲ್ಲಿ ಆ ದಿನ ಮಕ್ಕಳ ಮದುವೆ. ಕಮಲೇಶ್‌ಳ ಮದುವೆಗೆ ಚಪ್ಪರ ಹಾಕಿದ್ದರಂತೆ. ಹಾಕಿದ ಚಪ್ಪರ ಒಂದೇ, ಊಟ ಒಂದೇ, ಹುಡುಗನಿಗೆ ತಮ್ಮನೂ ಇದ್ದಾನೆ ಎಂದು ಇವಳನ್ನೂ ಕೂರಿಸಿದರು. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. "ನನಗೆ ನೆನಪಿರೋದು ಲಡ್ಡು, ಮತ್ತೆ ನಿದ್ದೆ," ಎಂದಳು ಸಂತೋಷ್.

ಈ ಮಾತು ಕೇಳಿದಾಗ ನನಗೆ ಹೊಸದನ್ನು ಕೇಳಿದಂತಾಗಲಿಲ್ಲ. ನಮ್ಮ ಅವ್ವನೂ ತನ್ನ ಮದುವೆಯ ಬಗ್ಗೆ ಇಷ್ಟೇ ಹೇಳುತ್ತಾಳೆ. ಲಡ್ಡುವಿನ ಬದಲು ಬೆಲ್ಲ ಶೇಂಗಾ, ಮತ್ತೆ ಕಾಲುಂಗುರ ಕಚ್ಚಿ ಅತ್ತದ್ದು. ಕೊಪ್ಪಳದ ಕಡೆಯ ಹೊಲಗೆಲಸದ ಮನೆ ನಮ್ಮದು. ನಾನು ಹತ್ತನೆಯದು ಮುಗಿಸಿದ್ದೇ ತಡ, ಅವ್ವನ ತಮ್ಮ ನನ್ನನ್ನು ಕೇಳಲು ಬಂದ. ಸೋದರಮಾವನಿಗೆ ಕೇಳುವ ಹಕ್ಕೇ ಇರುತ್ತದೆ. ಅಪ್ಪ ಹ್ಞೂಂ ಅನ್ನುವವನಿದ್ದ. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ, "ಆಕಿ ಓದ್ತಾಳ. ನೀ ಬ್ಯಾರೆ ಕಡೆ ನೋಡ್ಕೊ," ಎಂದಳು. ಮಾವ ಗಂಗಾಳದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಅಲ್ಲಿಂದ ಮುಂದೆ ಯಾವ ನಾಗರ ಪಂಚಮಿಗೂ ಅವ್ವನನ್ನು ಕರೆಯಲು ತವರಿನಿಂದ ಯಾರೂ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ತವರಿಗೆ ಹೊರಟರೆ ಅವ್ವ ಹೊಸ್ತಿಲಲ್ಲಿ ಕೂತು ಅಳ್ಳಿಟ್ಟಿನ ಸಿಹಿ ಉಂಡೆ ಕಟ್ಟುತ್ತಿದ್ದಳು, ಯಾರಿಗೂ ಅಲ್ಲದ ಅಳ್ಳಿಟ್ಟು. ನನ್ನನ್ನು ಓದಿಸಿದ್ದು ಏನು ಎಂದು ಕೇಳಿದವರಿಗೆ ನಾನು ವಿದ್ಯಾರ್ಥಿವೇತನ ಎನ್ನುತ್ತೇನೆ. ಅದು ಅರ್ಧ ನಿಜ.

ಆಗ ನನ್ನ ಮಗಳು ಕೈಗೂಸು. ನೋಡಿಕೊಳ್ಳಲೆಂದು ಅವ್ವ ದಿಲ್ಲಿಗೆ ಬಂದಿದ್ದಳು. ಹಿಂದಿಯ ಒಂದಕ್ಷರ ಬಾರದು. ಆದರೂ ಕೂಸನ್ನು ಸೊಂಟಕ್ಕೇರಿಸಿಕೊಂಡು ದಿನವೂ ಬೇವಿನ ಮರದ ಕೆಳಗೆ ಹೋಗಿ ಕೂರುತ್ತಿದ್ದಳು. ರಾಮ್‌ಪ್ಯಾರಿ ತನ್ನ ಭಾಷೆಯಲ್ಲಿ, ಅವ್ವ ತನ್ನ ಭಾಷೆಯಲ್ಲಿ. ಏನು ಮಾತಾಡಿದಿರಿ ಎಂದರೆ, "ಕಷ್ಟಾ ಸುಖಾ ಮಾತಾಡಿದ್ವಿ. ನಿನಗ್ಯಾಕ?" ಎನ್ನುತ್ತಿದ್ದಳು. ಸಂತೋಷ್‌ಳ ಸಂಗತಿ ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು, ಹೇಗೋ.

ಚಳಿಗಾಲ ಕಳೆಯುತ್ತಿದ್ದ ಒಂದು ಭಾನುವಾರ ಹಳ್ಳಿಯಿಂದ ಬೀಗ ಬಂದ, ಅಕ್ಕತಂಗಿಯರಿಬ್ಬರಿಗೂ ಮಾವ. ಕೆಂಪು ರುಮಾಲು, ಕೈಯಲ್ಲಿ ಮಿಠಾಯಿ ಡಬ್ಬಿ. ಮರದ ಕೆಳಗೆ ಹಗ್ಗದ ಮಂಚದ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ. ಹೋಳಿ ಹಬ್ಬಕ್ಕೆ ಮುಂಚೆ ಗೌನಾ ಮುಗಿಸಬೇಕು, ಸಂತೋಷ್‌ಳನ್ನು ಕಳಿಸಿ, ಎಂದ. ಹೋಳಿ ಹಬ್ಬಕ್ಕೆ ಮುಂಚೆ ಎಂದರೆ ಪರೀಕ್ಷೆಗೂ ಮುಂಚೆ. ರಾಮ್‌ಪ್ಯಾರಿಯ ಗಂಡ ಬೀಡಿ ಹಚ್ಚಿಕೊಂಡು ಆಕಾಶ ನೋಡಿದ. ರಾಮ್‌ಪ್ಯಾರಿ ಬೀಗನೆದುರು ಗದ್ದದವರೆಗೆ ಮುಸುಕು ಎಳೆದುಕೊಂಡಿದ್ದಳು. ಮುಸುಕಿನೊಳಗಿಂದ, ಇಸ್ತ್ರಿ ನಿಲ್ಲಿಸದೆ, ಗಂಡನಿಗೆ ಹೇಳುವ ಹಾಗೆ ಹೇಳಿದಳು:

"ಹೇಳಿ ಅವರಿಗೆ. ಇದು ಎಂಟನೇ ವರ್ಷ. ಎಂಟರಲ್ಲಿ ಯಾರಾದ್ರೂ ಕಳಿಸ್ತಾರಾ?"

ಗೌನಾ ಬೆಸ ವರ್ಷದಲ್ಲೇ ಆಗಬೇಕು. ಮದುವೆಯಾಗಿ ಮೂರು, ಐದು, ಏಳು, ಹೀಗೆ. ಸರಿ ವರ್ಷದಲ್ಲಿ ಕಳಿಸಿದರೆ ಮನೆ ಹಾಳು ಎಂದು ನಂಬಿಕೆ. ಐದರಲ್ಲಿ ಹುಡುಗಿ ತೀರ ಸಣ್ಣವಳೆಂದು ಬಿಟ್ಟಿದ್ದರು.

"ಎಂಟು ಹೇಗಾಗುತ್ತೆ? ಏಳು!" ಎಂದ ಬೀಗ. "ನಮ್ಮ ಊರಿಗೆ ಬಸ್ಸು ಬಂದ ವರ್ಷ ಮದುವೆ."

"ಬಸ್ಸಲ್ಲ. ಆಲಿಕಲ್ಲು ಬಿದ್ದ ವರ್ಷ."

"ಆಲಿಕಲ್ಲು ಬಿದ್ದಾಗ ಕಮಲೇಶ್ ನಮ್ಮ ಮನೆಗೆ ಬಂದು ಎಮ್ಮೆ ಕರೀತಿದ್ದಳು!"

"ಆ ಎಮ್ಮೆ ಯಾವಾಗ ಸತ್ತಿತ್ತೋ!"

ಹೀಗೆ ಬಸ್ಸು, ಆಲಿಕಲ್ಲು, ಎಮ್ಮೆಗಳ ನಡುವೆ ವಾದ ಬೆಳೆದು ಮೇಲಿನ ಮನೆಯ ಮೈಸೂರಿನವರೂ ಬಾಲ್ಕನಿಗೆ ಬಂದರು. ಆಗ ರಾಮ್‌ಪ್ಯಾರಿಯ ಮುಸುಕು ನನ್ನ ಕಡೆ ತಿರುಗಿತು. "ಮೇಡಂಜಿಯನ್ನೇ ಕೇಳಿ. ಬಾಗಿಲ ಮೇಲೆ ಬಿ.ಎ. ಅಂತ ಬರೆದಿದೆ, ಓದಿಸಿಕೊಂಡು ಬನ್ನಿ ಬೇಕಾದ್ರೆ. ಅವರು ಎಣಿಸಲಿ."

ಬೀಗ ಮಂಚದಿಂದ ಎದ್ದು ನನಗೆ ಕೈ ಮುಗಿದ. ನನಗಿಂತ ಅಷ್ಟು ಹಿರಿಯ ಗಂಡಸೊಬ್ಬ ನನ್ನ ಓದಿಗೆ ಕೈ ಮುಗಿದದ್ದು ಅದೇ ಮೊದಲು. ಅವನು ಹೇಳಿದ್ದೆಲ್ಲ ಸರಿಯಿತ್ತು, ಏಳೇ ಆಗುತ್ತಿತ್ತು. ಸಂತೋಷ್ ನೀರಿನ ಡಬ್ಬಿ ಹಿಡಿದು ನಿಂತಿದ್ದಳು. ನಾನು ಬೆರಳು ಮಡಚಿ ಎಣಿಸಿದೆ. ಮಡಚುವಾಗ ಮದುವೆಯಾದ ವರ್ಷಕ್ಕೂ ಒಂದು ಬೆರಳು ಮಡಚಿದೆ.

"ಎಂಟು," ಎಂದೆ. "ಮದುವೆಯ ವರ್ಷವನ್ನೂ ಸೇರಿಸಬೇಕಲ್ಲ. ಅದೇನು ವರ್ಷವಲ್ಲವೇ?"

ರಾಮ್‌ಪ್ಯಾರಿಗೆ ಮುಸುಕಿತ್ತು, ನನಗಿರಲಿಲ್ಲ. ಮುಖವನ್ನು ಆದಷ್ಟು ಬಿ.ಎ. ಆಗಿ ಇಟ್ಟುಕೊಂಡೆ. ಬೀಗ ರುಮಾಲು ಸರಿಮಾಡಿಕೊಂಡು, "ಓದಿದವರು ಹೇಳಿದ ಮೇಲೆ ಮುಗೀತು. ಹಾಗಾದ್ರೆ ಮುಂದಿನ ವರ್ಷ ಒಂಬತ್ತು," ಎಂದು ಡಬ್ಬಿ ಕೊಟ್ಟು ಹೋದ. ಇಡೀ ಬ್ಲಾಕಿಗೆ ಮಿಠಾಯಿ ಹಂಚಿದೆವು. ಮೈಸೂರಿನವರು, "ನಿಮ್ಮ ಬಿ.ಎ. ಇವತ್ತು ಫಲ ಕೊಡ್ತು ಕಣ್ರೀ," ಎಂದರು. ಅವ್ವ ಮಾತ್ರ ಮಿಠಾಯಿ ಮುಟ್ಟಲಿಲ್ಲ. "ವರ್ಷ ಮುಂದಕ ತಳ್ಳೀರಿ. ತಳ್ಳಿದ್ದು ತಿರುಗಿ ಬರ್ತದ," ಎಂದಳು.

ಸಂತೋಷ್ ಪರೀಕ್ಷೆ ಬರೆದಳು, ಪಾಸಾದಳು, ಹನ್ನೊಂದನೆಯದಕ್ಕೆ ಸೇರಿದಳು. ನೀರು ಚಿಮುಕಿಸುತ್ತ ಒಮ್ಮೆ ಬಟ್ಟೆಯ ರಾಶಿಯ ಹಿಂದೆ ಕೂತು ಗುಂಡಿಗಳನ್ನು ನನ್ನ ಕಡೆ ತಳ್ಳಿ, "ನೆಕ್ಸ್ಟ್!" ಎಂದು ಟೋಕನ್ ಹುಡುಗಿಯ ಅಣಕ ಮಾಡಿದ್ದು ನೆನಪಿದೆ. ಹೇಳಿದಷ್ಟು ಬೇಗ ವರ್ಷ ತಿರುಗಿತು. ಬೀಗ ಮತ್ತೆ ಬಂದ. ಅದೇ ರುಮಾಲು, ಅದೇ ಮಂಚ.

"ಒಂಬತ್ತು," ಎಂದ.

"ಎಂಟು," ಎಂದಿತು ಮುಸುಕು. "ಮದುವೆಯ ವರ್ಷವನ್ನು ಯಾರು ಎಣಿಸ್ತಾರೆ? ನೀವೇ ಹೋದ ಸಲ ಏಳು ಅಂದಿರಿ. ಏಳಾದ ಮೇಲೆ ಎಂಟೇ ತಾನೆ?"

ಬೀಗ ಬಾಯಿ ಬಿಟ್ಟುಕೊಂಡು ಕೂತ. ಆಮೇಲೆ ಸಿಟ್ಟಿನ ನಡುವೆಯೂ ಅವನಿಗೆ ನಗು ಬಂತು. "ಹೋದ ವರ್ಷವೂ ಎಂಟು, ಈ ವರ್ಷವೂ ಎಂಟು. ದಿಲ್ಲಿಯಲ್ಲಿ ಕ್ಯಾಲೆಂಡರ್ ನಿಂತುಹೋಗಿದೆಯಾ?" ನನ್ನ ಬಾಗಿಲ ಕಡೆ ನೋಡಿದ. ಈ ಸಲ ಕೈ ಮುಗಿಯಲಿಲ್ಲ. ವಾದವನ್ನೂ ಮಾಡಲಿಲ್ಲ. ವಾದ ಮಾಡದೆ ಹೋದವರಿಗೆ ಹೆದರಬೇಕು ಎಂಬುದು ಬಿ.ಎ. ಪಠ್ಯದಲ್ಲಿ ಇರಲಿಲ್ಲ.

ಕೆಲವೇ ದಿನಗಳಲ್ಲಿ ಕಮಲೇಶ್ ಬಂದಳು. ಕಂಕುಳಲ್ಲಿ ಹಾಲು ಕುಡಿಯುವ ಗಂಡುಕೂಸು, ಜೊತೆಗೊಂದು ಗಂಟು. ಅವಳ ಮೊದಲ ಹೆಣ್ಣುಮಗುವನ್ನು ಮಾವನ ಮನೆಯವರು ಅಲ್ಲೇ ಇಟ್ಟುಕೊಂಡು ಇವಳನ್ನು ಬಸ್ಸು ಹತ್ತಿಸಿದ್ದರು. ತಂಗಿ ಬಂದರೆ ಅಕ್ಕನೂ ಬರಬಹುದು, ಇಲ್ಲದಿದ್ದರೆ ಇಬ್ಬರೂ ಅಲ್ಲೇ ಇರಿ, ಎಂದು ಹೇಳಿಕಳಿಸಿದ್ದರು. ಬೈದಿರಲಿಲ್ಲ, ಹೊಡೆದಿರಲಿಲ್ಲ. ಕಮಲೇಶ್ ಮರದ ಬುಡದಲ್ಲಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಸೊಂಟ ಹಿಡಿದುಕೊಂಡೇ ಏಳುತ್ತಿದ್ದಳು, ಕೂರುತ್ತಿದ್ದಳು. ಸಂತೋಷ್‌ಗಿಂತ ನಾಲ್ಕೈದು ವರ್ಷ ದೊಡ್ಡವಳಷ್ಟೇ. ನೋಡಿದವರು ರಾಮ್‌ಪ್ಯಾರಿಯ ತಂಗಿ ಎನ್ನಬೇಕು.

ನಾನು ಕಾನೂನು ಎಂದೆ. ಇಂಥ ಮದುವೆ ಅಪರಾಧ, ಪೊಲೀಸರಿಗೆ ಹೇಳೋಣ ಎಂದೆ. ರಾಮ್‌ಪ್ಯಾರಿ ಇಸ್ತ್ರಿಯನ್ನು ನಿಲ್ಲಿಸಿದಳು. ಅವಳು ಕೆಲಸದ ನಡುವೆ ಅದನ್ನು ನಿಲ್ಲಿಸಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

"ಹೇಳಿ ಮೇಡಂಜಿ, ನಾಳೆಯೇ ಹೇಳಿ. ಆಮೇಲೆ ಆ ಮಗು? ಅಲ್ಲಿ ಅಮ್ಮಾ ಅಂತ ಅಳ್ತಾ ಇರೋದನ್ನ ಯಾರು ಎತ್ಕೋತಾರೆ? ಪೊಲೀಸರಾ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಹೇಳಿ.

ಕೊನೆಗೆ ತೀರ್ಮಾನ ಮಾಡಿದ್ದು ಸಂತೋಷ್. ಒಂದು ಸಂಜೆ ಯಾರದೋ ಮಗು ಅಮ್ಮಾ ಎಂದು ಅತ್ತದ್ದಕ್ಕೆ ಅಕ್ಕನ ಎದೆಹಾಲು ಸೋರಿ ರವಿಕೆ ಒದ್ದೆಯಾದದ್ದನ್ನು ನೋಡುತ್ತಿದ್ದವಳು, "ಚಲೋ, ಹೋಗ್ತೀನಿ," ಎಂದಳಂತೆ. ಹೊರಡುವ ದಿನ ನಮ್ಮ ಮನೆಗೆ ಬಂದಳು. ಕೈತುಂಬ ಕೆಂಪು ಬಳೆ, ತಲೆಯ ಮೇಲೆ ಹೊಳೆಯುವ ಓಢಣಿ. ನಾನು ಏನೇನೋ ಹೇಳಲು ಹೊರಟೆ. ಅವಳೇ ತಡೆದಳು. "ಇರಲಿ ದೀದಿ. ನಿಮ್ಮ ಒಂದು ಬೆರಳಿನಿಂದ ಹತ್ತನೇದು ಪಾಸಾಯ್ತಲ್ಲ." ಅವ್ವ ಒಳಗಿನಿಂದ ಅಳ್ಳಿಟ್ಟಿನ ಉಂಡೆ ತಂದು ಅವಳ ಉಡಿಗೆ ಹಾಕಿದಳು. ಅದೇನೆಂದು ಹುಡುಗಿಗೆ ಗೊತ್ತಾಗಲಿಲ್ಲ, ಗಂಟು ಕಟ್ಟಿಕೊಂಡಳು. ಅವಳು ಮೆಟ್ಟಿಲು ಇಳಿದ ಮೇಲೆ ಅವ್ವ, "ನನಗ ಇದ್ದವ ಒಬ್ಬ ತಮ್ಮ, ಸಿಟ್ಟು ಮಾಡಿದ, ಬಿಟ್ಟೆ. ಇಲ್ಲಿ ಬೀಗರ ಕೈಯಾಗ ಕೂಸ ಸಿಕ್ಕಂಡದಲ್ಲ, ಇವರವ್ವ ಹೆಂಗ ಬಿಡ್ತಾಳ?" ಎಂದಳು. ನಾನು ನನ್ನ ಮಗಳನ್ನು ಎತ್ತಿಕೊಂಡೆ. ಕಮಲೇಶ್‌ಳ ಆ ಮಗಳೂ ಇವಳಿಗಿಂತ ತುಸು ದೊಡ್ಡವಳಷ್ಟೇ.

ಮುಂದೆ ನಾವು ರೋಹಿಣಿಗೆ ಬಂದೆವು. ಹಿತ್ತಾಳೆಯ ಫಲಕವನ್ನು ಕಳಚಿ ತಂದೆ, ಯಾಕೋ ಇಲ್ಲಿ ಹಾಕಲಿಲ್ಲ. ಸೋಮಾರಿತನ ಎಂದುಕೊಳ್ಳಿ.

ಸೀರೆ ಸುಟ್ಟ ಮರುದಿನ, ಮಗಳಿಗೆ ಸ್ವೆಟರ್ ಕೊಳ್ಳುವ ನೆವದಲ್ಲಿ ಸರೋಜಿನಿ ನಗರಕ್ಕೆ ಹೋದೆ. ಮಾರ್ಕೆಟ್ಟಿನ ಗದ್ದಲದಿಂದ ಹಿಂದಿನ ಬೀದಿಗೆ ಹೊರಳಿದರೆ ಬೇವಿನ ಮರ ಅಲ್ಲೇ ಇತ್ತು. ಮೇಜೂ ಇತ್ತು. ಇಸ್ತ್ರಿ ಓಡಿಸುತ್ತಿದ್ದದ್ದು ರಾಮ್‌ಪ್ಯಾರಿಯೇ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಒಬ್ಬ ಹೆಂಗಸು ನೀರು ಚಿಮುಕಿಸುತ್ತಿದ್ದಳು. ಚಿಮುಕಿಸುವ ಕೈಯಿಂದಲೇ ಗುರುತು ಹಿಡಿದೆ.

"ದೀದಿ! ದಪ್ಪ ಆಗಿದೀರಾ," ಎಂದಳು ಸಂತೋಷ್.

"ನೀನ್ಯಾಕೆ ಅಮ್ಮನ ಕೈಲಿ ಇಸ್ತ್ರಿ ಹಿಡಿಸಿದೀಯ? ವಯಸ್ಸಾಗಿಲ್ವಾ ಅವರಿಗೆ?" ಎಂದು ನಾನು ಸಲುಗೆಯಿಂದ ಗದರಿದೆ.

ಉತ್ತರ ಕೊಟ್ಟದ್ದು ರಾಮ್‌ಪ್ಯಾರಿ, ದನಿ ತಗ್ಗಿಸಿ. ಮೊದಲ ಕೂಸು ಉಳಿಯಲಿಲ್ಲ, ಹೆರಿಗೆಯಲ್ಲಿ ಎರಡು ದಿನ ನೋವು ತಿಂದಳು. ಮರುವರ್ಷವೇ ಎರಡನೆಯದು. ಗರ್ಭಕೋಶ ಜಾರಿದೆ. ಭಾರ ಎತ್ತಬಾರದು ಎಂದಿದ್ದಾರೆ ಡಾಕ್ಟರು, ಬಕೆಟ್ ಕೂಡ. ಇಪ್ಪತ್ತರ ಆಸುಪಾಸಿನ ಹುಡುಗಿ ಕೂತಿದ್ದಳು, ಮುದುಕಿ ಇಸ್ತ್ರಿ ಎತ್ತುತ್ತಿದ್ದಳು.

ಮೇಜಿನ ಕೆಳಗಿನಿಂದ ಒಂದು ಪುಟ್ಟ ಹೆಣ್ಣುಮಗು ತೆವಳಿ ಬಂದು ನನ್ನ ಚೀಲದೊಳಗೆ ಇಣುಕಿತು. ಆ ಎರಡನೆಯದು ಇದೇ. ಈ ವರ್ಷದ ಅಕ್ಷಯ ತೃತೀಯಕ್ಕೆ ಕಮಲೇಶ್‌ಳ ಮಗಳಿಗೆ ಮದುವೆ ಮಾಡಿದರಂತೆ. ಹಾಕಿದ ಚಪ್ಪರ ಒಂದೇ, ಊಟ ಒಂದೇ, ಇವಳನ್ನೂ ಕೂರಿಸೋಣ ಎಂದ ಬೀಗ. ಸಂತೋಷ್ ಹಿಂದಿನ ದಿನ ನೀರು ತರುವ ನೆವದಲ್ಲಿ ಹೊರಬಿದ್ದು ಮಗುವಿನೊಂದಿಗೆ ಬಸ್ಸು ಹತ್ತಿದಳು. ಗಂಡ ಇನ್ನೂ ಕರೆಯಲು ಬಂದಿಲ್ಲ. ಕಮಲೇಶ್ ಮಾತು ಬಿಟ್ಟಿದ್ದಾಳೆ. ತನ್ನ ಮಗಳ ಮದುವೆಗೆ ಅಪಶಕುನ ಮಾಡಿ ಹೋದಳೆಂದು.

"ಅಕ್ಕನ ಮಗಳಿಗೆ ಇದು ಮೊದಲನೇ ವರ್ಷ," ಎಂದಳು ಸಂತೋಷ್, ಅಂಗಿಯ ತೋಳು ಮಡಿಸುತ್ತ. "ಇವಳಿಗೆ ಎಣಿಕೆ ಶುರುವಾಗೋಕೇ ಬಿಡಲಿಲ್ಲ. ಶುರುವಾದ ಮೇಲೆ ಬಿ.ಎ. ಆದವರ ಕೈಲೂ ನಿಲ್ಲಿಸೋಕಾಗಲ್ಲ, ನೋಡಿದ್ವಲ್ಲ."

ನಾನು ನಕ್ಕೆ. ಅವಳೂ ನಕ್ಕಳು. ಮಡಿಸಿದ ಅಂಗಿಯನ್ನು ಮತ್ತೊಮ್ಮೆ ಬಿಡಿಸಿ ಮಡಿಸುತ್ತ, ತಲೆ ಎತ್ತದೆ ಕೇಳಿದಳು.

"ದೀದಿ, ಹನ್ನೆರಡನೇದು ಮನೆಯಲ್ಲೇ ಓದಿ ಕಟ್ಟಬಹುದಂತೆ, ನಿಜವಾ? ಆ ಟೋಕನ್ ಕೆಲಸ... ಅದು ಕೂತು ಮಾಡೋದು ತಾನೆ? ಎತ್ತೋದೇನೂ ಇರಲ್ವಲ್ಲ?"

ಕಟ್ಟಬಹುದು, ವಿಚಾರಿಸಿಕೊಂಡು ಮುಂದಿನ ಭಾನುವಾರ ಬರುತ್ತೇನೆ ಎಂದೆ. ಎರಡನೆಯದನ್ನೂ ನೋಡಿಕೊಂಡು ಬಂದು ಹೇಳುತ್ತೇನೆ ಎಂದೆ. ಇಷ್ಟು ವರ್ಷ ಮೆಟ್ರೋದಲ್ಲಿ ಓಡಾಡಿದರೂ ಗಾಜಿನ ಆಚೆ ಏನಿದೆ ಎಂದು ನೋಡಿರಲಿಲ್ಲ.

ಬಸ್ಸಿನಲ್ಲಿ ಕೇಂದ್ರ ಸಚಿವಾಲಯದ ಮೆಟ್ರೋ ನಿಲ್ದಾಣಕ್ಕೆ ಬಂದೆ. ಪರ್ಸಿನಲ್ಲಿ ಕಾರ್ಡ್ ಇದ್ದರೂ ಟೋಕನ್ನಿನ ಸಾಲಿನಲ್ಲಿ ನಿಂತೆ. ಕಿಟಕಿಯ ಹಿಂದೆ ಒಬ್ಬ ಹುಡುಗಿ. ನಾನು ಗಾಜಿಗೆ ಹಣೆ ತಾಗುವಷ್ಟು ಬಾಗಿ ಒಳಗೆ ನೋಡಿದೆ. ಬೆನ್ನಿಗೆ ಆನಿಸುವ ಕುರ್ಚಿ, ಕಾಲಿಡಲು ಅಡ್ಡಪಟ್ಟಿ, ಕೈಗೆ ನಿಲುಕುವ ಹಾಗೆ ಟೋಕನ್ನಿನ ತಟ್ಟೆ. "ಕಹಾಂ ಜಾನಾ ಹೈ, ಮ್ಯಾಡಂ?" ಎಂದು ಅವಳು ಕೇಳಿದ್ದು ಎರಡನೆಯ ಸಲಕ್ಕೆ ಕೇಳಿಸಿತು. ಹಿಂದಿನವರು, "ಚಲೋ ಆಂಟೀಜಿ," ಎಂದು ಗೊಣಗಿದರು. ನಾನು ಇನ್ನೊಮ್ಮೆ ಕೆಳಗೆ, ಮೂಲೆಗೆ, ಕುರ್ಚಿಯ ಪಕ್ಕಕ್ಕೆ ನೋಡಿ ಖಾತ್ರಿ ಮಾಡಿಕೊಂಡೆ. ಎತ್ತುವಂಥದ್ದು ಏನೂ ಇರಲಿಲ್ಲ.